ವಿಭೂತಿ ಪಟ್ಟೆಯ ಕೆಳಗೆ ಕಂಡ ಜೇಡರ ಬಲೆ: ಒಂದು ಕಪ್ಪು ಕಾರಿನ ಪ್ರಕರಣ

2023ರ ಆಯುಧಪೂಜೆ ಕಳೆದು ಮೂರು ದಿನವಾಗಿತ್ತು. ಮೈಸೂರಿನಲ್ಲಿ ಕಾರಿನ ಬಣ್ಣಕ್ಕೆ ಹೊಳಪು ಕೊಡುವ ನಮ್ಮ ಶೆಡ್ಡಿನ ಮುಂದೆ ಒಂದು ಕಪ್ಪು ಸೆಡಾನ್ ಬಂದು ನಿಂತಿತು. ಗ್ರಿಲ್ಲಿನ ಸಂದಿನಲ್ಲಿ ಇನ್ನೂ ಒಣಗಿದ ಚೆಂಡುಹೂವಿನ ಎಸಳು ಸಿಕ್ಕಿಕೊಂಡಿತ್ತು. ಇಳಿದವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಬಾಗಿಲು ಹಾಕುವ ಮೊದಲೇ, "ಪೂಜೆ ಮಾಡಿ ನಾನೇ ಕೈಯಾರೆ ಗಾಡಿ ಹಾಳು ಮಾಡ್ಕೊಂಡೆ ಕಣಪ್ಪಾ, ಇಲ್ಲಿ ನೋಡು" ಎಂದು ಬಾನೆಟ್ ತೋರಿಸಿದರು.

ಬಾನೆಟ್ಟಿನ ನಡುವೆ ಮೂರು ಅಡ್ಡ ಪಟ್ಟೆಗಳಿದ್ದವು. ವಿಭೂತಿ ಇರಲಿಲ್ಲ, ಒರೆಸಿ ತೆಗೆದಿದ್ದರು. ಆದರೆ ವಿಭೂತಿ ಇದ್ದ ಜಾಗದಲ್ಲಿ, ಬೆರಳಿನ ಅಗಲಕ್ಕೆ ಸರಿಯಾಗಿ, ಬಣ್ಣ ಮಂಕಾಗಿತ್ತು. ಬಿಸಿಲು ಬೀಳುವ ಕೋನಕ್ಕೆ ತಲೆ ಬಾಗಿಸಿ ನೋಡಿದರೆ ಆ ಮೂರು ಪಟ್ಟೆಗಳೊಳಗೆ ಮಾತ್ರ ಜೇಡರ ಬಲೆಯಂಥ ಸಣ್ಣ ಗೀರುಗಳು ದಟ್ಟವಾಗಿ ಹೊಳೆಯುತ್ತಿದ್ದವು. ಪಟ್ಟೆಯ ಆಚೆ ಈಚೆ ಬಣ್ಣ ಅದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಈ ಕೆಲಸಕ್ಕೆ ಬಂದಾಗಿನಿಂದ ಗೀರು ಬಿದ್ದ ಕಾರುಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ತ್ರಿಪುಂಡ್ರದ ಆಕಾರದಲ್ಲಿ ಗೀರು ಬಿದ್ದ ಕಾರನ್ನು ನೋಡಿದ್ದು ಅದೇ ಮೊದಲು.

ಕಾರು ಅವರ ಕೈಗೆ ಬಂದು ಐದಾರು ವಾರವಷ್ಟೇ ಆಗಿತ್ತು. 2015ರ ಗಾಡಿ. ಗಣೇಶನ ಹಬ್ಬಕ್ಕೆ ಮುಂಚೆ ಹಳೇ ಕಾರು ಮಾರುವ ಒಬ್ಬರ ಹತ್ತಿರ ಕೊಂಡಿದ್ದರು. ಸಂಜೆ ಆರೂವರೆಗೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿದ್ದು. "ಕನ್ನಡಿ ಥರ ಇತ್ತು. ನನ್ನ ಮುಖ ನನಗೇ ಕಾಣ್ತಿತ್ತು" ಎಂದರು. ಮನೆಗೆ ತಂದ ಮೇಲೆ ಎರಡು ಸಲ ಬರೀ ನೀರು ಹಾಕಿ ತೊಳೆದಿದ್ದರು. ಹಬ್ಬದ ಹಿಂದಿನ ದಿನ ಮಾತ್ರ ಪಕ್ಕದ ಮನೆಯ ಹುಡುಗ ಬಟ್ಟೆ ಒಗೆಯುವ ಪುಡಿ ಕಲಸಿ ನೊರೆ ಬರಿಸಿ ತೊಳೆದುಕೊಟ್ಟ. ಮರುದಿನ ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಪಟ್ಟೆ ಎಳೆದು, ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಚಕ್ರಕ್ಕಿಟ್ಟು ಪೂಜೆ ಮಾಡಿದರು. ಪಟ್ಟೆ ಎರಡು ದಿನ ಹಾಗೇ ಇತ್ತು. ಮೂರನೇ ದಿನ ಒದ್ದೆ ಬಟ್ಟೆಯಲ್ಲಿ ತಿಕ್ಕಿ ತೆಗೆದರೆ ಕೆಳಗೆ ಇದು.

ವಿಭೂತಿ ಗೀರು ಹಾಕಿತು ಎಂದು ಒಪ್ಪಿಕೊಂಡುಬಿಡುವುದು ಸುಲಭವಿತ್ತು. ಬೂದಿಯಲ್ಲಿ ಸಿಲಿಕಾ ಇರುತ್ತದೆ, ಒರಟು ಕಣ ಗೀಚುವುದೂ ನಿಜ. ಆದರೆ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದಾಗ ಬೀಳುವ ಗೀರು ಕೈ ಹೋದ ದಿಕ್ಕಿಗೇ ಬೀಳಬೇಕು. ಇಲ್ಲಿದ್ದ ಗೀರುಗಳು ಎಲ್ಲ ದಿಕ್ಕಿಗೂ ಹೋಗಿದ್ದವು. ಒಂದರ ಮೇಲೊಂದು, ವರ್ಷಗಟ್ಟಲೆ ಬಿದ್ದ ಗೀರುಗಳು. ಪರೀಕ್ಷೆಗೆಂದು ಪೂಜೆ ಮುಟ್ಟದ ಜಾಗ ಹುಡುಕಿದೆ. ಮೇಲ್ಛಾವಣಿಯ ಹಿಂಭಾಗದಲ್ಲಿ ಅಂಗೈಯಗಲ ಜಾಗಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ನಾಲ್ಕು ಪಾಲು ನೀರಿಗೆ ಬೆರೆಸಿ ಸಿಂಪಡಿಸಿ, ಅರ್ಧ ನಿಮಿಷ ಬಿಟ್ಟು, ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತದೆ ಒರೆಸಿದೆ. ಎರಡು ಸಲ ಹಾಗೆ ಮಾಡುವಷ್ಟರಲ್ಲಿ ಅಲ್ಲೂ ಅದೇ ಜೇಡರ ಬಲೆ ಎದ್ದುಬಂತು. ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದರೆ ಎಣ್ಣೆಯ ವಾಸನೆ.

ಮೇಷ್ಟ್ರಿಗೆ ಬಟ್ಟೆ ತೋರಿಸಿ ಹೇಳಿದೆ: "ಗೀರು ನೀವು ಹಾಕಿದ್ದಲ್ಲ ಮೇಷ್ಟ್ರೇ. ಮೊದಲಿಂದ ಇತ್ತು. ಅದರ ಮೇಲೆ ಗ್ಲೇಜ್ ಅನ್ನೋ ಎಣ್ಣೆ ಲೇಪ ಸವರಿ ಮುಚ್ಚಿದ್ರು. ಒಗೆಯೋ ಪುಡಿ ಅದನ್ನ ಅರ್ಧ ತೆಗೀತು, ವಿಭೂತಿ ಪೂರ್ತಿ ತೆಗೀತು."

ಬೂದಿಗೂ ಎಣ್ಣೆಗೂ ಇರುವ ಸಂಬಂಧ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಎಣ್ಣೆ ಜಿಡ್ಡಿನ ಬಾಣಲೆಗೆ ಅವರು ಹಾಕುತ್ತಿದ್ದದ್ದು ಒಲೆಯ ಬೂದಿಯನ್ನೇ. ನುಣುಪಾದ ಒಣ ಪುಡಿ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಕಲಸಿ ಬಳಿದ ವಿಭೂತಿ ಎರಡು ದಿನ ಬಾನೆಟ್ಟಿನ ಮೇಲೆ ಒಣಗುತ್ತಾ ತನ್ನ ಕೆಳಗಿನ ಎಣ್ಣೆಯನ್ನು ಹೀರಿತ್ತು, ಮೇಲಿಂದ ತಿಕ್ಕಿದಾಗ ಉಳಿದ ಹೂರಣವೂ ಕಿತ್ತುಬಂದಿತ್ತು. ಹಾಗಾಗಿ ಮಂಕು ಮೂರು ಪಟ್ಟೆಯ ಆಕಾರದಲ್ಲೇ ಕಂಡದ್ದು.

ಹೂರಣ ಎಂದೆ. ಗ್ಲೇಜ್ ಎಂದರೆ ಹೆಚ್ಚುಕಡಿಮೆ ಅದೇ. ಅದರಲ್ಲಿ ಮುಖ್ಯವಾಗಿ ಇರುವುದು ಎಣ್ಣೆಗಳು, ಜೊತೆಗೆ ಅನೇಕ ಗ್ಲೇಜುಗಳಲ್ಲಿ ಕೆಯೊಲಿನ್, ಅಂದರೆ ಪಿಂಗಾಣಿ ಮಾಡಲು ಬಳಸುವ ಬಿಳಿ ಜೇಡಿ. ಅದರ ಕಣಗಳು ಹಾಳೆಯ ಹಾಗೆ ಚಪ್ಪಟೆ, ಬಹಳ ಮೆದು. ಗೀರಿನ ಕಣಿವೆಯೊಳಗೆ ಎಣ್ಣೆಯ ಜೊತೆ ಇಳಿದು ಕೂರುತ್ತವೆ. ಗೀರು ಹೋಗುವುದಿಲ್ಲ, ತುಂಬಿಕೊಳ್ಳುತ್ತದೆ ಅಷ್ಟೇ.

ತುಂಬಿದರೆ ಯಾಕೆ ಮಾಯವಾಗುತ್ತದೆ ಎಂಬುದನ್ನು ನಾನು ಬೆಳಕು ಎಷ್ಟು ಬಾಗುತ್ತದೆ ಎಂದು ತೋರಿಸುವ ವಕ್ರೀಭವನದ ಅಂಕಿಯಿಂದ ಶುರುಮಾಡಿದೆ. ಗಾಳಿಗೆ ಒಂದು, ಕಾರಿನ ಬಣ್ಣದ ಮೇಲಿನ ಪಾರದರ್ಶಕ ಪದರಕ್ಕೆ, ಅಂದರೆ ಕ್ಲಿಯರ್ ಕೋಟಿಗೆ, ಸುಮಾರು ಒಂದೂವರೆ, ಎಣ್ಣೆಗೆ ಅದರ ಹತ್ತಿರ ಹತ್ತಿರ, ಹಾಗಾಗಿ... ಮೇಷ್ಟ್ರು ನಡುವೆಯೇ ತಡೆದರು. "ಸ್ಲೇಟು!" ಎಂದರು. "ಮೂವತ್ತು ವರ್ಷ ನೋಡಿದೀನಿ. ಹುಡುಗ್ರು ಒದ್ದೆ ಬಟ್ಟೇಲಿ ಒರೆಸಿದಾಗ ಸ್ಲೇಟು ಕರ‍್ರಗೆ ಹೊಸದರ ಹಾಗಿರುತ್ತೆ. ಒಣಗ್ತಿದ್ದ ಹಾಗೆ ಹಳೇ ಗೀಚೆಲ್ಲ ಮತ್ತೆ ಕಾಣುತ್ತೆ." ಇದಕ್ಕಿಂತ ಸರಿಯಾಗಿ ನಾನು ಹೇಳಲಾರೆ. ಒಣ ಗೀರಿನ ಅಂಚಿಗೆ ಬಡಿದ ಬೆಳಕು ಚದುರಿ ಕಣ್ಣಿಗೆ ಬರುತ್ತದೆ, ಅದೇ ಬಿಳಿಚು. ಗೀರಿನೊಳಗೆ ಗಾಳಿಯ ಬದಲು ಎಣ್ಣೆ ನಿಂತರೆ ಬೆಳಕಿಗೆ ಅಲ್ಲಿ ಅಂಚೇ ಸಿಗುವುದಿಲ್ಲ, ಒಳಗೆ ಹೋಗಿಬಿಡುತ್ತದೆ, ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಸ್ಲೇಟಿನ ನೀರು ಎರಡು ನಿಮಿಷಕ್ಕೆ ಆರುತ್ತದೆ, ಗ್ಲೇಜಿನ ಎಣ್ಣೆ ಕೆಲವು ವಾರ ನಿಲ್ಲುತ್ತದೆ. ವ್ಯತ್ಯಾಸ ಅಷ್ಟೇ.

ಈ ಗೀರುಗಳನ್ನು ನಮ್ಮ ಕಸುಬಿನಲ್ಲಿ ಸ್ವರ್ಲ್ ಎನ್ನುತ್ತೇವೆ. ಸೂರ್ಯನ ಪ್ರತಿಬಿಂಬದ ಸುತ್ತ ವೃತ್ತ ವೃತ್ತವಾಗಿ ಕಾಣುವುದರಿಂದ, ಯಾರೋ ಸುತ್ತು ಸುತ್ತಾಗಿ ತಿಕ್ಕಿದ್ದಾರೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜದಲ್ಲಿ ಗೀರುಗಳು ಎತ್ತೆಂದರತ್ತ ಇರುತ್ತವೆ. ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಮಿಂಚುವುದರಿಂದ ಬೆಳಕಿನ ಸುತ್ತ ಬಳೆಯ ಹಾಗೆ ಕಾಣುತ್ತವೆ. ತಿಕ್ಕಿ ತಿಕ್ಕಿ ಹಳೆಯದಾದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದು ಆಚೀಚೆ ಸರಿಸಿ ನೋಡಿ, ಬಳೆಗಳೂ ನಿಮ್ಮ ಜೊತೆ ಸರಿಯುತ್ತವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಾರಿಗೆ ಯಾರು ಗ್ಲೇಜ್ ಹಾಕಿದರೋ ಗೊತ್ತಿಲ್ಲ, ಆದರೆ ಅಂಥ ಕೆಲಸವನ್ನು ನಾನೂ ಮಾಡಿದ್ದೇನೆ. ಶೆಡ್ಡು ಶುರುಮಾಡಿದ ಮೊದಲೆರಡು ವರ್ಷ ಹಳೇ ಕಾರು ಮಾರುವವರ ಗಾಡಿಗಳೇ ನಮ್ಮ ಹೊಟ್ಟೆ ತುಂಬಿಸುತ್ತಿದ್ದವು. "ಎರಡು ಗಂಟೇಲಿ ಫಳಫಳ ಅನ್ನಿಸಿಬಿಡಿ, ಸಂಜೆ ಪಾರ್ಟಿ ಬರ್ತಾರೆ" ಎನ್ನುತ್ತಿದ್ದರು. ಗೀರು ನಿಜವಾಗಿ ತೆಗೆಯಲು ಎರಡು ದಿನ ಬೇಕು, ಮುಚ್ಚಲು ಎರಡು ಗಂಟೆ ಸಾಕು. ಮುಚ್ಚಿ ಕಳಿಸಿದ್ದೇನೆ. ಆ ಗಾಡಿ ಕೊಂಡವರ ಮುಖ ನಾನು ನೋಡಲಿಲ್ಲ. ಈ ಮೇಷ್ಟ್ರು ದೇವರ ಪೂಜೆ ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುತ್ತಾ ಕೂತಿದ್ದರು ಎಂದು ಕೇಳಿದಾಗ, ಆ ಮುಖವನ್ನೇ ನೋಡಿದ ಹಾಗಾಯಿತು. ಆ ಬಗೆಯ ಕೆಲಸ ನಿಲ್ಲಿಸಿ ಕೆಲವು ವರ್ಷವಾಗಿತ್ತು, ಆದರೂ ಅವತ್ತು ಮನಸ್ಸಿಗೆ ಚುಚ್ಚಿತು.

ಗ್ಲೇಜ್ ಹುಟ್ಟಿದ್ದು ಮೋಸಕ್ಕಲ್ಲ. ಪೇಂಟ್ ಅಂಗಡಿಯಲ್ಲಿ ಹೊಸದಾಗಿ ಬಣ್ಣ ಹೊಡೆದ ಗಾಡಿಯ ಬಣ್ಣದೊಳಗಿನ ದ್ರಾವಕ ಹೊರಗೆ ಆರಿಹೋಗಲು ವಾರಗಟ್ಟಲೆ ಬೇಕು. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ವ್ಯಾಕ್ಸ್ ಹಾಕಬೇಡಿ ಎನ್ನುತ್ತಾರೆ. ಸಿಲಿಕೋನ್ ಇರುವ ಏನನ್ನೂ ಆ ಅಂಗಡಿಗೆ ತರುವಂತಿಲ್ಲ, ಅದರ ಒಂದು ಹನಿ ಗಾಳಿಯಲ್ಲಿ ಹಾರಿದರೂ ಮುಂದಿನ ಗಾಡಿಯ ಬಣ್ಣ ಮೀನಿನ ಕಣ್ಣಿನ ಹಾಗೆ ಗುಳಿಗುಳಿಯಾಗುತ್ತದೆ. ಆ ಹೊತ್ತಿಗೆ ಹೊಳಪು ಕೊಡಲು, ಬಫಿಂಗ್ ಬಿಟ್ಟುಹೋದ ಸಣ್ಣ ಗುರುತು ಮರೆಸಲು ಒದಗಿದ್ದು ಸಿಲಿಕೋನ್ ಇಲ್ಲದ ಈ ಎಣ್ಣೆಯ ಲೇಪ. ಅದೇ ಬಾಟಲಿ ಹಳೇ ಕಾರಿನ ಅಂಗಡಿಗೆ ಬಂದಾಗ ಬೇರೆ ಕೆಲಸಕ್ಕೆ ಬಿತ್ತು.

ಅಳತೆ

ಗೀರು ಕಂಡ ಕೂಡಲೇ "ರಬ್ಬಿಂಗ್ ಮಾಡಿಸಿಬಿಡೋಣ" ಎನ್ನುವುದು ನಮ್ಮೂರ ರೂಢಿ. ಮೇಷ್ಟ್ರೂ ಅದನ್ನೇ ಕೇಳಿದರು. ನಾನು ಮೊದಲು ಬಣ್ಣದ ದಪ್ಪ ಅಳೆಯುವ ಗೇಜ್ ತೆಗೆದೆ.

ಕಾರಿನ ಬಣ್ಣ ಎಂದರೆ ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿ ಕಾರ್ಖಾನೆಯಿಂದ ಬಂದ ಬಣ್ಣ ಸಾಮಾನ್ಯವಾಗಿ 100 ಮೈಕ್ರಾನಿನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸು, ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದರೆ, ಬಿಸಿಲು ಮಳೆಯಿಂದ ಕಾರಿನ ಬಣ್ಣವನ್ನು ಕಾಯುವ ಪದರ ಒಂದು ಕೂದಲಿಗಿಂತ ತೆಳು. ಸ್ವರ್ಲುಗಳು ಇರುವುದು ಅದರ ಮೇಲ್ಮೈಯ ಒಂದೆರಡು ಮೈಕ್ರಾನಿನಲ್ಲಿ. ರಬ್ಬಿಂಗ್, ಪಾಲಿಶ್, ಬಫಿಂಗ್, ಏನೇ ಹೆಸರಿಟ್ಟು ಕರೆಯಿರಿ, ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ತೇದು ಸಮ ಮಾಡುವುದೇ ಆ ಕೆಲಸ. ತೇದದ್ದು ಮತ್ತೆ ಬರುವುದಿಲ್ಲ.

ಬಾಗಿಲುಗಳು 104ರಿಂದ 112 ತೋರಿಸಿದವು. ಮೇಲ್ಛಾವಣಿ 115. ಎಡ ಮುಂದಿನ ಫೆಂಡರ್ 190ರ ಮೇಲೆ ಹೋಯಿತು, ಅಂದರೆ ಅದು ಮತ್ತೆ ಬಣ್ಣ ಹೊಡೆದದ್ದು. ಬಾನೆಟ್ ಎತ್ತಿ ನೋಡಿದರೆ ಆ ಫೆಂಡರಿನ ಬೋಲ್ಟುಗಳ ಮೂಲೆಯಲ್ಲಿ ಸ್ಪ್ಯಾನರ್ ಗುರುತು. ಬಿಚ್ಚಿ ಹಾಕಿದ್ದಾರೆ. ಅದನ್ನೂ ಮೇಷ್ಟ್ರಿಗೆ ಹೇಳಿದೆ, ಮುಚ್ಚಿಡಲಿಲ್ಲ.

ನನ್ನ ಕೈ ನಿಂತದ್ದು ಬಾನೆಟ್ಟಿನ ಮೇಲೆ. ವೈಪರ್ ಪಕ್ಕದ ಮೂಲೆಯಲ್ಲಿ, ಯಾವ ಮೆಷಿನ್ನೂ ತಲುಪದ ಜಾಗದಲ್ಲಿ, 109. ಅಲ್ಲಿಂದ ಒಂದು ಗೇಣು ನಡುವಿಗೆ ಬಂದರೆ 91. ನಟ್ಟನಡುವೆ 82, 79, 78. ಮತ್ತೆ ಮತ್ತೆ ಇಟ್ಟು ನೋಡಿದೆ, ಅದೇ. ಗೇಜ್ ತೋರಿಸುವುದು ಒಟ್ಟು ದಪ್ಪವನ್ನು, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂದು ಅದು ಬಿಡಿಸಿ ಹೇಳುವುದಿಲ್ಲ. ಆದರೆ ಒಂದೇ ತಗಡಿನ ಮೂಲೆಗೂ ನಡುವಿಗೂ 30 ಮೈಕ್ರಾನ್ ವ್ಯತ್ಯಾಸ ಬಂದರೆ, ಆ 30 ಮೇಲಿಂದಲೇ ಹೋಗಿರಬೇಕು. ಹಿಂದಿನ ಎಂಟು ವರ್ಷದಲ್ಲಿ ಯಾರೋ ಈ ಬಾನೆಟ್ಟಿಗೆ ಹಲವು ಸಲ ಬಣ್ಣ ತೇಯುವ ಒರಟು ಕಾಂಪೌಂಡ್ ಹಾಕಿ ಗಿರಗಿರ ತಿರುಗುವ ರೋಟರಿ ಮೆಷಿನ್ ಓಡಿಸಿದ್ದಾರೆ. ಪ್ರತಿ ಸಲವೂ ಹೊಳೆದಿರುತ್ತದೆ, ಪ್ರತಿ ಸಲವೂ ಹಳೇ ಬಟ್ಟೆಯಲ್ಲೇ ಒರೆಸಿ ಮತ್ತೆ ಗೀರು ತಂದಿರುತ್ತಾರೆ, ಮತ್ತೆ ರಬ್ಬಿಂಗ್. ಬೇಳೆ ಹಾಕದೆ ತಿಳಿಸಾರು ಬಗ್ಗಿಸುತ್ತಾ ಹೋದ ಹಾಗೆ, ಪಾತ್ರೆಯ ತಳ ಕಾಣುವ ಹಂತಕ್ಕೆ ಬಂದಿತ್ತು.

ಇನ್ನೊಂದು ಸಲ ಮೆಷಿನ್ ಇಟ್ಟರೆ ಗೀರು ಹೋಗಬಹುದು, ಜೊತೆಗೆ ಉಳಿದ ಕ್ಲಿಯರ್ ಕೋಟೂ ಹೋಗಬಹುದು. ನೇರಳಾತೀತ ಕಿರಣವನ್ನು ತಡೆಯುವ ಅಂಶ ಇರುವುದು ಅದರಲ್ಲಿ. ತೀರ ತೆಳುವಾದರೆ ಒಂದೆರಡು ಬೇಸಿಗೆಗೆ ಬಿಳಿ ಚಕ್ಕೆ ಏಳಲು ಶುರುವಾಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ನಿಂತ ಹಳೇ ಕಾರುಗಳ ಬಾನೆಟ್ಟು, ಛಾವಣಿಗಳು ಸುಲಿದ ಹಾವಿನ ಪೊರೆಯಂತೆ ಕಾಣುವುದನ್ನು ನೀವೂ ನೋಡಿರುತ್ತೀರಿ. ಅದಕ್ಕೆ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ.

"ಹಾಗಾದ್ರೆ ಏನ್ಮಾಡೋದು?" ಎಂದರು.

"ಬಾಗಿಲು, ಡಿಕ್ಕಿ, ಛಾವಣಿ, ಇಲ್ಲೆಲ್ಲ ಗೀರು ನಿಜವಾಗಿ ತೆಗೀತೀನಿ. ಬಾನೆಟ್ಟಿಗೆ ಮಾತ್ರ ಮೆಷಿನ್ ಮುಟ್ಸೋದಿಲ್ಲ. ಅದಕ್ಕೆ ಗ್ಲೇಜ್ ಹಾಕಿ ಮೇಲೆ ವ್ಯಾಕ್ಸ್ ಹಾಕ್ತೀನಿ."

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. "ಗಾಡಿ ಮಾರಿದವನು ಮಾಡಿದ್ದೂ ಅದೇ ತಾನೇ?"

ನ್ಯಾಯವಾದ ಪ್ರಶ್ನೆ. ಅವನು ಹಾಕಿದ ವಸ್ತುವನ್ನೇ ನಾನೂ ಹಾಕುತ್ತಿದ್ದೆ, ಅದೇ ಜಾಗಕ್ಕೇ. ಅವನು ಹೇಳದೆ ಹಾಕಿದ್ದ. ನಾನು ಏನು ಮುಚ್ಚುತ್ತಿದ್ದೇನೆ, ಯಾಕೆ ಮುಚ್ಚುತ್ತಿದ್ದೇನೆ, ಎಷ್ಟು ದಿನ ನಿಲ್ಲುತ್ತದೆ, ಎಲ್ಲವನ್ನೂ ಗಾಡಿಯ ಒಡೆಯನ ಎದುರಿಗೇ ಹೇಳಿ ಹಾಕುತ್ತಿದ್ದೆ. ಬಣ್ಣ ಗಟ್ಟಿಯಾಗಿರುವ ಕಾರಿಗೆ ಪಾಲಿಶ್ ಮಾಡುವ ಬದಲು ಗ್ಲೇಜ್ ಹಾಕಿ ದುಡ್ಡು ತೆಗೆದುಕೊಂಡರೆ ತಪ್ಪು. ಬಣ್ಣ ಸವೆದ ಕಾರಿಗೆ ಗ್ಲೇಜ್ ಬಿಟ್ಟು ಪಾಲಿಶ್ ಮಾಡಿದರೆ ಅದೂ ತಪ್ಪು, ಅದು ದೊಡ್ಡ ತಪ್ಪು. ಇದನ್ನೇ ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಮಾಡು. ನಾನು ಇಲ್ಲೇ ಕೂತು ನೋಡ್ತೀನಿ" ಎಂದು ಕುರ್ಚಿ ಎಳೆದುಕೊಂಡರು.

ಕೆಲಸ

ಮೊದಲ ದಿನ ತೊಳೆತ. ಎರಡು ಬಕೆಟ್, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಕೈಗವಸು ಜಾಲಿಸಲು ಬರೀ ನೀರು. ಆಮೇಲೆ ಕ್ಲೇ ಬಾರ್ ಎಂಬ ಮೆದು ಜೇಡಿಯಂಥ ಉಂಡೆ ಉಜ್ಜಿ ಬಣ್ಣಕ್ಕೆ ಅಂಟಿದ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕಿ ತೆಗೆದೆವು. ಬಾಗಿಲುಗಳಿಗೆ ತಿರುಗುತ್ತಲೇ ಆಚೀಚೆ ಅಲುಗುವ ಡ್ಯುಯಲ್ ಆಕ್ಷನ್ ಮೆಷಿನ್, ಮೆದು ಫೋಮ್ ಪ್ಯಾಡ್, ನುಣುಪು ಪಾಲಿಶ್. ಒಂದೊಂದು ಬಾಗಿಲಿಗೂ ನಾಲ್ಕು ಸುತ್ತು. ಮುಗಿದ ಮೇಲೆ ಆಲ್ಕೋಹಾಲ್ ಹಾಕಿ ಒರೆಸಿ ನೋಡಿದೆವು, ಯಾಕೆಂದರೆ ಪಾಲಿಶಿನಲ್ಲೂ ಎಣ್ಣೆ ಇರುತ್ತದೆ, ಅದೂ ಗೀರು ಮುಚ್ಚಿ ಕಣ್ಣಿಗೆ ಮಣ್ಣೆರಚಬಲ್ಲದು. ಗೀರುಗಳು ನಿಜವಾಗಿ ಹೋಗಿದ್ದವು. ಗೇಜ್ ಅಂಕಿ ಹೆಚ್ಚುಕಡಿಮೆ ಅಲುಗಲೇ ಇಲ್ಲ. ಬಲ ಹಿಂದಿನ ಬಾಗಿಲಿನಲ್ಲಿ ಯಾರೋ ಕೀಲಿಕೈಯಲ್ಲಿ ಎಳೆದ ಒಂದು ಗೆರೆ ಇತ್ತು, ಉಗುರು ಅಡ್ಡ ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಉಗುರು ಸಿಕ್ಕುವ ಗೀರಿಗೆ ಪಾಲಿಶೂ ಇಲ್ಲ, ಗ್ಲೇಜೂ ಇಲ್ಲ. ಅದಕ್ಕೆ ಟಚ್‌ಅಪ್ ಬಣ್ಣವನ್ನು ಹಲ್ಲುಕಡ್ಡಿಯ ತುದಿಯಲ್ಲಿ ಚುಕ್ಕಿ ಚುಕ್ಕಿ ಇಟ್ಟು ಬಿಟ್ಟೆ. ಹತ್ತಿರದಿಂದ ಕಾಣುತ್ತದೆ, ತುಕ್ಕು ಹಿಡಿಯುವುದಿಲ್ಲ.

ಬಾನೆಟ್ಟಿನ ಸರದಿ ಎರಡನೇ ದಿನ. ಹಳೇ ಗ್ಲೇಜನ್ನು ಪೂರ್ತಿ ತೆಗೆದು, ಗೀರುಗಳು ತಮ್ಮ ನಿಜವಾದ ರೂಪದಲ್ಲಿ ಕಾಣುವ ಹಾಗೆ ಮಾಡಿ, ನಡುವೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಎಡಭಾಗಕ್ಕೆ ಕಾರ್ನೌಬಾ ವ್ಯಾಕ್ಸ್ ಮಾತ್ರ, ಬಲಭಾಗಕ್ಕೆ ಗ್ಲೇಜ್ ಮಾತ್ರ. ಯಾವುದು ಎಷ್ಟು ಮುಚ್ಚುತ್ತದೆ ಎಂಬುದನ್ನು ಮೇಷ್ಟ್ರು ಕಣ್ಣಾರೆ ನೋಡಲಿ ಎಂದು.

ಕಾರ್ನೌಬಾ ಬ್ರೆಜಿಲಿನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯ ಮೇಣ. ಎಲೆ ಒಣಗಿಸಿ ಬಡಿದರೆ ಪುಡಿಯಾಗಿ ಉದುರುತ್ತದೆ. ಮಿಠಾಯಿ, ಮಾತ್ರೆಗಳ ಮೇಲಿನ ಹೊಳಪಿಗೂ ಅದನ್ನೇ ಬಳಸುತ್ತಾರೆ. ಕರಗಲು 80 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅಪ್ಪಟ ಕಾರ್ನೌಬಾ ಕಲ್ಲಿನ ಹಾಗೆ ಗಟ್ಟಿ, ಹಾಗೇ ಉಜ್ಜಲಾಗದು. ಹಾಗಾಗಿ ಡಬ್ಬಿಯಲ್ಲಿ ಬರುವ ವ್ಯಾಕ್ಸಿನಲ್ಲಿ ಎಣ್ಣೆ, ದ್ರಾವಕ, ಬೇರೆ ಮೇಣಗಳು ಬೆರೆತಿರುತ್ತವೆ. ಅದೂ ಗೀರು ತುಂಬುತ್ತದೆ, ಆದರೆ ಅದರ ಮುಖ್ಯ ಕೆಲಸ ನೀರು ತಡೆಯುವುದು.

ಗ್ಲೇಜ್ ಹಾಕುವಾಗ ಎಲ್ಲರೂ ಮಾಡುವ ತಪ್ಪು ಹೆಚ್ಚು ಹಾಕುವುದು. ಅರ್ಧ ಬಾನೆಟ್ಟಿಗೆ ಐದು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬೊಟ್ಟು ಸಾಕು. ಅರ್ಧ ಈರುಳ್ಳಿಯಲ್ಲಿ ದೋಸೆ ಕಾವಲಿಗೆ ಎಣ್ಣೆ ಸವರುತ್ತಾರಲ್ಲ, ಅಷ್ಟು ತೆಳು. ತಗಡು ತಣ್ಣಗಿರಬೇಕು, ನೆರಳಿನಲ್ಲಿರಬೇಕು. ಫೋಮ್ ತುಂಡಿನಲ್ಲಿ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ, ಎಲ್ಲ ದಿಕ್ಕಿನ ಗೀರಿಗೂ ಇಳಿಯಲಿ ಎಂದು. ಹತ್ತು ಹನ್ನೆರಡು ನಿಮಿಷಕ್ಕೆ ಮಂಜಿನ ಹಾಗೆ ಬಿಳಿಚುತ್ತದೆ. ಬೆರಳು ಎಳೆದರೆ ಹಿಂದೆ ಸ್ವಚ್ಛ ಗೆರೆ ಉಳಿಯಬೇಕು, ಬಳಿದುಕೊಂಡ ಹಾಗಾದರೆ ಇನ್ನೂ ಕಾಯಬೇಕು. ಒರೆಸುವಾಗ ಬಟ್ಟೆಯ ತೂಕವೇ ಸಾಕು, ಕೈಯ ಬಲ ಬೇಡ. ಒತ್ತಿದರೆ ತುಂಬಿದ್ದನ್ನು ಮತ್ತೆ ಎತ್ತಿಬಿಡುತ್ತೀರಿ.

ಟೇಪ್ ಕಿತ್ತು ಟಾರ್ಚ್ ಹಿಡಿದೆ. ವ್ಯಾಕ್ಸ್ ಇದ್ದ ಎಡಭಾಗದಲ್ಲಿ ಸಣ್ಣ ಗೀರುಗಳು ಮೆತ್ತಗಾಗಿದ್ದವು, ಆದರೆ ಬಲೆ ಇತ್ತು. ಗ್ಲೇಜ್ ಇದ್ದ ಬಲಭಾಗದಲ್ಲಿ ಹತ್ತಾರು ದಪ್ಪ ಗೀರು ಬಿಟ್ಟರೆ ಉಳಿದದ್ದೆಲ್ಲ ಕರ‍್ರಗೆ, ಆಳವಾಗಿ, ಬಾವಿಯ ನೀರಿನ ಹಾಗೆ. ಮೇಷ್ಟ್ರು ಎದ್ದು ಬಂದು ಎರಡೂ ಕಡೆ ಬಗ್ಗಿ ನೋಡಿದರು. ಏನೂ ಹೇಳಲಿಲ್ಲ, ಬಲಭಾಗದ ಮೇಲೆ ಹಗುರವಾಗಿ ಅಂಗೈ ಇಟ್ಟರು.

ಆಮೇಲೆ ಎಡಭಾಗದ ವ್ಯಾಕ್ಸ್ ತೆಗೆದು ಅಲ್ಲೂ ಗ್ಲೇಜ್ ಹಾಕಿದೆ. ಅದರ ಮೇಲೆ ಏನು ಹಾಕಬೇಕು ಎಂಬುದರಲ್ಲಿ ನಾನು ಒಂದು ತಪ್ಪು ಮಾಡಿದೆ. ಹೆಚ್ಚು ದಿನ ಬಾಳಲಿ ಎಂಬ ಆಸೆಯಿಂದ ಮೇಣದ ಬದಲು ಬಳಸುವ ಕೃತಕ ರಕ್ಷಣಾ ಲೇಪ, ಪಾಲಿಮರ್ ಸೀಲಂಟ್ ಬಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ಬಾನೆಟ್ ತುಂಬ ಕಾಮನಬಿಲ್ಲಿನ ಬಣ್ಣದ ಜಿಡ್ಡು ಜಿಡ್ಡು ಗೆರೆ. ಸೀಲಂಟ್ ಹಿಡಿಯಲು ಕೆಳಗೆ ಬರಿಯ ಬಣ್ಣ ಬೇಕು, ಎಣ್ಣೆಯ ಮೇಲೆ ಅದು ಕಚ್ಚುವುದಿಲ್ಲ. ಸೆರಾಮಿಕ್ ಕೋಟಿಂಗೂ ಅಷ್ಟೇ. ಎಲ್ಲವನ್ನೂ ತೆಗೆದು, ಮತ್ತೆ ಗ್ಲೇಜ್ ಹಾಕಿ, ಈ ಸಲ ಕಾರ್ನೌಬಾ ವ್ಯಾಕ್ಸ್ ತೆಳುವಾಗಿ ಬಳಿದೆ. ಅರ್ಧ ದಿನ ಬಿಟ್ಟು ಇನ್ನೊಂದು ಪದರ. ಕಳೆದುಹೋದ ಆ ಒಂದು ದಿನದ ಕೂಲಿ ಲೆಕ್ಕಕ್ಕೆ ಸೇರಿಸಲಿಲ್ಲ.

ಆಮೇಲೆ

ಮೂರು ವಾರಕ್ಕೆ ಮೇಷ್ಟ್ರು ಗಾಡಿ ತಂದು ತೋರಿಸಿದರು. ಅಷ್ಟರಲ್ಲಿ ಮೂರು ಸಲ ಶಾಂಪೂ ತೊಳೆತವಾಗಿತ್ತು. ನೀರು ಇನ್ನೂ ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತಾಗಿ ಜಾರುತ್ತಿತ್ತು, ಗೀರು ಕಾಣುತ್ತಿರಲಿಲ್ಲ. ಡಿಸೆಂಬರ್ ನಡುವೆ ಬಾನೆಟ್ಟಿನ ಮುಂತುದಿಯಲ್ಲಿ ಬಲೆ ಮಸುಕಾಗಿ ಕಂಡಿತು. ಸಂಕ್ರಾಂತಿ ಹೊತ್ತಿಗೆ ಅರ್ಧಕ್ಕರ್ಧ ವಾಪಸು ಬಂದಿತ್ತು. ಮತ್ತೆ ಹಾಕಿದೆವು. ಮಾರ್ಚಿನ ಬಿಸಿಲಿಗೆ ಅದು ಒಂದು ತಿಂಗಳೂ ತಡೆಯಲಿಲ್ಲ. ಕಪ್ಪು ಬಾನೆಟ್ ಮಧ್ಯಾಹ್ನ ಕೈ ಇಡಲಾಗದಷ್ಟು ಕಾಯುತ್ತದೆ, ಕೆಳಗೆ ಎಂಜಿನ್ನಿನ ಶಾಖ ಬೇರೆ. ಎಣ್ಣೆ ಎಷ್ಟು ದಿನ ನಿಂತೀತು. ಮಾರುವವನು ಯಾರೇ ಆಗಲಿ, ಗ್ಲೇಜ್ ವರ್ಷಗಟ್ಟಲೆ ಬರುತ್ತದೆ ಎಂದರೆ ನಂಬಬೇಡಿ.

ಎರಡನೇ ಸಲದ ಹೊತ್ತಿಗೆ ಮೇಷ್ಟ್ರೇ ಹಾಕಲು ಕಲಿತರು. ನನಗಿಂತ ತಾಳ್ಮೆ ಅವರಿಗೆ. ನಾನು ಹೆಚ್ಚು ಹೊತ್ತು ಹೇಳಿಕೊಟ್ಟದ್ದು ಮಾತ್ರ ಗ್ಲೇಜ್ ಅಲ್ಲ, ತೊಳೆಯುವುದು. ಅವರ ಮನೆಯ ಎದುರು ಕಟ್ಟಡದ ಕೆಲಸ ನಡೆಯುತ್ತಿತ್ತು. ದಿನಾ ಬೆಳಿಗ್ಗೆ ಕಾರಿನ ಮೇಲೆ ಮರಳು, ಸಿಮೆಂಟಿನ ಧೂಳು. ಅದನ್ನು ಒಣಗಿದ ಹಳದಿ ಬಟ್ಟೆಯಲ್ಲಿ ಒರೆಸುತ್ತಿದ್ದರು, ಊರೆಲ್ಲ ಒರೆಸುವ ಹಾಗೆ. ಮರಳಿನಲ್ಲಿರುವ ಸ್ಫಟಿಕ ಗಾಜನ್ನೂ ಗೀಚುತ್ತದೆ, ಕ್ಲಿಯರ್ ಕೋಟ್ ಯಾವ ಲೆಕ್ಕ. ಎಷ್ಟು ಚೆನ್ನಾಗಿ ಗೀರು ತೆಗೆಸಿದರೂ ಎರಡು ವಾರ ಆ ಬಟ್ಟೆ ಆಡಿದರೆ ಮೊದಲಿನಂತೆಯೇ. ಧೂಳನ್ನು ಮೊದಲು ನೀರಿನಲ್ಲಿ ಹರಿಸಿ ಬಿಡಿ, ಆಮೇಲೆ ಮುಟ್ಟಿ, ಸಮಯ ಇಲ್ಲದಿದ್ದರೆ ಒರೆಸಲೇ ಬೇಡಿ, ಧೂಳಿನಲ್ಲೇ ಓಡಾಡಿ ಎಂದೆ. ಹಳದಿ ಬಟ್ಟೆ ಈಗ ಅವರ ಮನೆಯಲ್ಲಿ ಕಿಟಕಿಯ ಗಾಜಿಗೂ ಇಲ್ಲ.

ಗಾಡಿ ಮಾರಿದವರ ಬಳಿಗೂ ಮೇಷ್ಟ್ರು ಒಮ್ಮೆ ಹೋಗಿಬಂದರಂತೆ. "ಪಾಲಿಶ್ ಮಾಡಿಸಿ ಕೊಟ್ಟಿದ್ದು ನಿಮ್ಮ ಒಳ್ಳೇದಕ್ಕೇ ಅಲ್ವಾ ಸಾರ್" ಎಂದು ಕಾಫಿ ತರಿಸಿದರಂತೆ. ಕಾಫಿ ಕುಡಿಯದೆ ಎದ್ದು ಬಂದೆ ಎಂದರು. ಹಳೇ ಕಾರು ಕೊಳ್ಳಲು ಹೋಗುವವರು ಹೊರಡುವ ಮೊದಲು ನನಗೆ ಫೋನ್ ಮಾಡಿದರೆ ನಾನು ಹೇಳುವುದು ಇಷ್ಟು: ನಡುಮಧ್ಯಾಹ್ನ ಹೋಗಿ, ಗಾಡಿಯನ್ನು ಬಿಸಿಲಿಗೆ ತರಿಸಿ, ಜೇಬಿನಲ್ಲಿ ಒಂದು ಸಣ್ಣ ಬಾಟಲಿ ಆಲ್ಕೋಹಾಲ್ ನೀರು ಮತ್ತು ಮೆತ್ತನೆ ಬಟ್ಟೆ ಇರಲಿ. ಮಾರುವವರನ್ನು ಕೇಳಿಯೇ ಒಂದು ಮೂಲೆ ಒರೆಸಿ ನೋಡಿ. ಒರೆಸಬೇಡಿ ಎಂದರೆ ಅದೂ ಒಂದು ಉತ್ತರವೇ.

2024ರ ಆಯುಧಪೂಜೆಯ ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ವಿಭೂತಿ ಪಟ್ಟೆ ಮುಂದಿನ ಗಾಜಿನ ಮೇಲಿತ್ತು. ಬಾನೆಟ್ಟಿನ ಮೇಲೆ ಹೂವು ಮಾತ್ರ. ಪ್ರಸಾದ ಕೊಟ್ಟು ಕಾರಿನ ಸರ್ವೀಸ್ ಪುಸ್ತಕ ತಂದು ತೋರಿಸಿದರು. ಕೊನೆಯ ಖಾಲಿ ಹಾಳೆಯಲ್ಲಿ, ಉತ್ತರಪತ್ರಿಕೆ ತಿದ್ದುತ್ತಿದ್ದ ಕೆಂಪು ಶಾಯಿಯಲ್ಲಿ, ದುಂಡಗೆ ಬರೆದಿದ್ದರು: "ಬಾನೆಟ್ ಮಧ್ಯಭಾಗ 78 ಮೈಕ್ರಾನ್. ಮೆಷಿನ್ ಹಾಕಕೂಡದು. ಗೀರುಗಳಿವೆ, ಗ್ಲೇಜಿನಿಂದ ಮುಚ್ಚಿದೆ. ಎಡ ಫೆಂಡರ್ ಮರುಬಣ್ಣ." ಕೆಳಗೆ ಗ್ಲೇಜ್ ಹಾಕಿದ ತಾರೀಖುಗಳು, ಒಂಬತ್ತು ಸಾಲು. "ಮುಂದೆ ಯಾರು ತಗೋತಾರೋ ಅವರಿಗೆ" ಎಂದು ಪುಸ್ತಕವನ್ನು ಮತ್ತೆ ಡ್ಯಾಶ್‌ಬೋರ್ಡಿನ ಗೂಡಿಗೆ ಇಟ್ಟರು.